2890ನೇ ಬಾಗಿಲು

ವೆನಿಸ್‌ನ ಕಸ್ತೆಲ್ಲೊ ಪೇಟೆಯಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವಳು ನಾನು. ಒಂದೇ ಒಂದು ಕಾಗದವನ್ನೂ ತಪ್ಪು ಬಾಗಿಲಿಗೆ ಹಾಕಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಶನಿವಾರ ಬೆಳಿಗ್ಗೆ ತರಕಾರಿ ದೋಣಿಯ ಮುಂದೆ ಬದನೆಕಾಯಿ ಆರಿಸುತ್ತಿದ್ದಾಗ, ಕಪ್ಪು ಸೂಟು ತೊಟ್ಟ ಅರವತ್ತು ದಾಟಿದ ಮನುಷ್ಯನೊಬ್ಬ ಪೆಟ್ಟಿಗೆ ಹಿಡಿದು ಬಂದು ಮುಖದ ಮುಂದೆ ಚೀಟಿ ಚಾಚಿದ.

"ಅಮ್ಮಾ, ಈ ಹೋಟೆಲು ಎಲ್ಲಿ ಬರುತ್ತೆ? ಐದು ಜನರನ್ನ ಕೇಳ್ದೆ. ಎಲ್ರೂ ನೇರ ಹೋಗಿ ಅಂದ್ರು."

ನಮ್ಮ ವೆನಿಸ್‌ನಲ್ಲಿ ದಾರಿ ಕೇಳಿದರೆ ಯಾರು ಬೇಕಾದರೂ ಹೇಳುವ ಮಾತು ಅದು. ಇಡೀ ಊರಲ್ಲಿ ನೆಟ್ಟಗಿರುವ ಓಣಿ ಒಂದೂ ಇಲ್ಲ.

ಚೀಟಿಯಲ್ಲಿದ್ದದ್ದು 'ವೆನಿಸ್, 2890' ಅಷ್ಟೇ. ಅವನ ಹೆಸರು ಸೆವೆರೀನೊ, ಬೆಟ್ಟದ ಕಡೆಯವನು. "ಹೋಟೆಲಿನ ಹೆಸರು? ಫೋನ್ ನಂಬರು?" ಎಂದೆ.

"ಕೇಳಲಿಲ್ಲಮ್ಮ. ಮಗಳ ದನಿ ಕೇಳಿದ್ದೇ ಆರು ವರ್ಷದ ಮೇಲೆ, ಬೇರೆ ಏನೂ ಹೊಳೀಲಿಲ್ಲ. ಹುಡುಗ ಡೈವೋರ್ಸ್ ಆದವನು ಅಂತ ಅವಳನ್ನ ಮನೆ ಬಿಟ್ಟು ಹೋಗು ಅಂದಿದ್ದೆ. ಇವತ್ತು ಅವರ ಮದುವೆ. ಹೋಟೆಲಿಂದ ಹನ್ನೊಂದಕ್ಕೆ ದೋಣಿ ಹೊರಡುತ್ತಂತೆ. ಅಷ್ಟರೊಳಗೆ ಬಂದ್ರೆ ಪಕ್ಕದಲ್ಲಿ ಕೂರಿಸ್ಕೋತೀನಿ, ಬರ್ದಿದ್ರೆ ನಂಗೆ ಅಪ್ಪ ಇಲ್ಲ ಅಂದ್ಕೋತೀನಿ ಅಂದ್ಲು."

ಗಂಟೆ ಹತ್ತು ಹತ್ತು. ಬದನೆಕಾಯಿ ಅಲ್ಲೇ ಬಿಟ್ಟೆ.

"2890 ತಾನೆ? ಕಣ್ಣು ಮುಚ್ಕೊಂಡು ಕರ್ಕೊಂಡ್ಹೋಗ್ತೀನಿ, ಬನ್ನಿ. ವಿಧವೆ ಅರ್ಜೀದೆ ಮನೆ ಅದು. ಹೋದ ವರ್ಷದಿಂದ ರೂಮು ಬಾಡಿಗೆಗೆ ಕೊಡ್ತಿದ್ದಾಳೆ."

ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಎರಡನೇ ಸೇತುವೆಯ ಮೆಟ್ಟಿಲಲ್ಲಿ ಪೆಟ್ಟಿಗೆ ಕಿತ್ತುಕೊಂಡು ನಾನೇ ಹೊತ್ತೆ. ಹತ್ತೂವರೆಗೆ ಬಾಗಿಲು ಬಡಿದಾಗ ಅರ್ಜೀದೆ ಕಿಟಕಿಯಿಂದ ತಲೆ ಹಾಕಿದಳು.

"ಮದುಮಗಳಾ? ನನ್ನ ಹತ್ರ ಇಬ್ಬರು ಜರ್ಮನರಿದ್ದಾರೆ, ಇಬ್ಬರೂ ಗಂಡಸ್ರು. ಬೇಕಾದ್ರೆ ಕರೀಲಾ?"

ಆಗ ನನ್ನ ಬುದ್ಧಿಗೆ ಬೆಳಕು ಹರಿಯಿತು. ಊರಿಗೆ ಆರು ಪೇಟೆ. ನಮ್ಮಲ್ಲಿ ನಂಬರು ಓಣಿಗಲ್ಲ, ಪೇಟೆಗೆ. ಪ್ರತಿ ಪೇಟೆಯಲ್ಲೂ ಒಂದರಿಂದ ಶುರುವಾಗಿ ಸಾವಿರಗಟ್ಟಲೆ ಓಡುತ್ತದೆ. ಒಂದು ಚಿಕ್ಕ ಪೇಟೆ ಬಿಟ್ಟರೆ ಉಳಿದ ಐದರಲ್ಲೂ 2890 ಇದೆ. ಅವನು ಪೇಟೆಯ ಹೆಸರನ್ನೇ ಬರೆದುಕೊಂಡಿರಲಿಲ್ಲ. ನಾನೂ ಕೇಳಿರಲಿಲ್ಲ. ಕಸ್ತೆಲ್ಲೊದಲ್ಲಿ ಹುಟ್ಟಿದವರಿಗೆ ಉಳಿದ ಐದು ಪೇಟೆ ಪರದೇಶವಿದ್ದ ಹಾಗೆ, ಲೆಕ್ಕಕ್ಕೇ ಬರುವುದಿಲ್ಲ.

"ಮಗಳು ಇನ್ನೇನಾದ್ರೂ ಹೇಳಿದ್ಲಾ? ನೆನಪು ಮಾಡ್ಕೊಳ್ರೀ, ಸುಮ್ನೆ ನಿಂತ್ಕೋಬೇಡಿ!" ನನ್ನ ತಪ್ಪಿಗೆ ಅವನ ಮೇಲೆ ರೇಗಿದೆ.

"ಅದ್ಯಾವುದೋ ಸಂತನ ಹೆಸರು ಹೇಳಿದ್ಲು. ಊರ ತುಂಬ ಸಂತರೇ ಇದ್ದಾರೆ ಅಂತ ಬರ್ಕೊಳ್ಳಲಿಲ್ಲ. ಕಿಟಕಿಯಿಂದ ಫ್ರಾರಿಯ ಗಂಟೆಗೋಪುರ ಕಾಣುತ್ತೆ ಅಂದ ನೆನಪು."

ಫ್ರಾರಿ ಚರ್ಚು! ಹಾಗಾದರೆ ಆ ಸಂತನ ಹೆಸರಿನದು ಸಾನ್ ಪೋಲೊ ಪೇಟೆ. ಊರಿನ ಆ ತುದಿ, ದೊಡ್ಡ ಕಾಲುವೆಯ ಆಚೆ ದಡ.

ಓಡಿದೆವು. ನನಗೆ ಅರವತ್ತಾರು, ಮೊಣಕಾಲು ಎರಡೂ ಕೆಟ್ಟಿವೆ. ಓಣಿ ಅಡ್ಡಗಟ್ಟಿ ಫೋಟೊ ತೆಗೆಯುತ್ತಿದ್ದವರನ್ನು ಪೆಟ್ಟಿಗೆಯಿಂದಲೇ ತಳ್ಳಿದೆ. ಅವನು ಹಿಂದಿನಿಂದ "ಈಗ ಗಂಟೆ ಎಷ್ಟು?" ಎಂದು ಸೇತುವೆಗೊಂದು ಸಲ ಕೇಳುತ್ತಿದ್ದ. ಕಡವಿನ ದೋಣಿಯಲ್ಲಿ ನಿಂತು ಕಾಲುವೆ ದಾಟುವಾಗಲೇ ಫ್ರಾರಿಯ ಗಂಟೆ ಹನ್ನೊಂದು ಬಾರಿಸಿತು. ಅವನು ಚೀಟಿಯನ್ನು ಮುದ್ದೆ ಮಾಡಿ ಹಿಡಿದು ನೀರನ್ನೇ ನೋಡುತ್ತಿದ್ದ. ಒಂದೇ ಒಂದು ಬೈಗುಳ ಬೈದಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಸಾನ್ ಪೋಲೊದ 2890ರಲ್ಲಿ ಹೋಟೆಲಿನವಳು ಮೆಟ್ಟಿಲ ಮೇಲಿನ ಹೂ ಗುಡಿಸುತ್ತಿದ್ದಳು.

"ಈಗ ತಾನೆ ಹೋದ್ರು. ಪಾಪ, ಹತ್ತು ನಿಮಿಷ ದೋಣಿ ನಿಲ್ಲಿಸಿ ಕಾದ್ಲು."

ಸೆವೆರೀನೊ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಬಿಡಿಯಮ್ಮ, ಆಗಿದ್ದಾಯ್ತು," ಎಂದ. ನನಗೆ ಅಳು ಬಂತು, ಅಳುವುದಕ್ಕೆ ಪುರುಸೊತ್ತಿರಲಿಲ್ಲ.

"ದೋಣಿ ಯಾರದ್ದು?"

"ದೋಣಿಗಾರ ಊಗೊನದು."

"ಏಳ್ರೀ ಮೇಲೆ! ಇವತ್ತು ನೀರು ಇಳಿದಿದೆ, ಹತ್ತಿರದ ಕಾಲುವೇಲಿ ದೋಣಿ ಕೆಸರಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಊಗೊ ಸುತ್ತು ಹಾಕ್ಕೊಂಡೇ ಮುಂದಿನ ಸೇತುವೆ ಕೆಳಗೆ ಬರ್ಬೇಕು. ನಾವು ಅಡ್ಡದಾರಿ ಹಿಡಿಯೋಣ."

ಪೆಟ್ಟಿಗೆಯನ್ನು ಅಲ್ಲೇ ಬಿಡುವುದೂ ಹೊಳೆಯಲಿಲ್ಲ. ಎರಡು ಓಣಿ, ಒಂದು ಅಂಗಳ, ಒಗೆದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿ ಆಚೆ ಬಂದರೆ ಸೇತುವೆ. ನಾವು ಅದರ ನೆತ್ತಿ ಹತ್ತುವುದಕ್ಕೂ ದೋಣಿಯ ಮೂತಿ ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು. ಬಿಳಿ ಉಡುಪಿನ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಪಕ್ಕದ ಜಾಗ ಖಾಲಿ ಇತ್ತು.

"ಮಿಲೇನಾ!" ಎಂದು ಅವನು ಕೂಗಿದ ಕೂಗಿಗೆ ಪಾರಿವಾಳಗಳು ಎದ್ದವು.

ಊಗೊ ಹುಟ್ಟು ಅಡ್ಡ ಹಾಕಿ ದೋಣಿಯನ್ನು ದಡಕ್ಕೆ ತಂದ. ಹುಡುಗಿ ಎದ್ದು ನಿಂತಿದ್ದಳು, ಕೆನ್ನೆ ಆಗಲೇ ಒದ್ದೆಯಾಗಿತ್ತು.

"ಇಷ್ಟು ಹೊತ್ತು ಎಲ್ಲಿ ಹೋಗಿದ್ರಪ್ಪ?"

"ಈ ಅಮ್ಮ ಇಲ್ದಿದ್ರೆ ಇಷ್ಟು ಹೊತ್ತಿಗೂ ಬರ್ತಿರಲಿಲ್ಲ ಮಗಳೇ," ಎಂದ ಆ ಪುಣ್ಯಾತ್ಮ.

ಸುಮ್ಮನಿದ್ದರೆ ಆಗುತ್ತಿತ್ತು. ಮೂವತ್ತೊಂದು ವರ್ಷದ ನನ್ನ ಹೆಸರು ಉಳಿಯುತ್ತಿತ್ತು.

"ಸುಳ್ಳು ಕಣಮ್ಮ," ಎಂದೆ. "ನಿಮ್ಮಪ್ಪ ಹತ್ತು ಗಂಟೆಗೇ ಬಂದಿದ್ರು. ತಪ್ಪು ಬಾಗಿಲಿಗೆ ಕರ್ಕೊಂಡ್ಹೋದವಳು ನಾನು."

"ಏನಂದೆ, ಓರ್ನೆಲಕ್ಕಾ?" ಊಗೊ ಹಲ್ಲು ಕಿರಿದ. "ಇನ್ನೊಂದ್ಸಲ ಹೇಳು, ಇಡೀ ಊರಿಗೆ ಕೇಳಿಸ್ಲಿ!"

"ಹುಟ್ಟು ಹಾಕೋ, ಕತ್ತೆ! ಹೊತ್ತಾಯ್ತು!"

ಮಗಳು ಕೈ ನೀಡಿದಳು, ಅಪ್ಪ ದೋಣಿಗೆ ಇಳಿದು ಖಾಲಿ ಜಾಗದಲ್ಲಿ ಕುಳಿತ. ಅವರು ತಿರುವಿನಲ್ಲಿ ಮರೆಯಾದ ಮೇಲೆ ನೋಡುತ್ತೇನೆ, ಪೆಟ್ಟಿಗೆ ನನ್ನ ಕೈಯಲ್ಲೇ ಇದೆ. ಬಂದ ದಾರಿಯಲ್ಲೇ ವಾಪಸು ಹೋದೆ. ಸಾನ್ ಪೋಲೊ, 2890. ಬಾಗಿಲ ಮೇಲಿನದನ್ನು ಎರಡು ಸಲ ಓದಿ, ಆಮೇಲೆ ಗಂಟೆ ಒತ್ತಿದೆ.