ನಾಗಸಂದ್ರಕ್ಕೆ ಬಂದ ಕಾರಣ

೧೯೮೧ರ ಜನಗಣತಿಯಲ್ಲಿ ನಾಗಸಂದ್ರದ ಶಾಲೆಯ ನರಸಿಂಹಯ್ಯ ಮೇಷ್ಟ್ರ ಪಾಲಿಗೆ ಬಂದದ್ದು ಕಾರ್ಖಾನೆಗಳ ಹಿಂದಿನ ವಠಾರಗಳ ಬೀದಿ. ಹುಟ್ಟಿದೂರು ಬಿಟ್ಟು ಬಂದವರು ಯಾಕೆ ಬಂದರು ಎಂಬುದನ್ನೂ ಸರ್ಕಾರ ಆ ಸಲ ಕೇಳುತ್ತಿತ್ತು. "ಹೆಂಗಸರದ್ದು ಮುಕ್ಕಾಲುಪಾಲು ಮದುವೆಯೇ ಕಣ್ರೀ, ಜಾಸ್ತಿ ಕೆದಕಬೇಡಿ" ಎಂದು ತರಬೇತಿಯಲ್ಲಿ ಅಧಿಕಾರಿ ಹೇಳಿದ್ದರು.

ಆ ಬೀದಿಯನ್ನು ಮೇಷ್ಟ್ರು ಒಂದು ವರ್ಷದಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಅಲ್ಲಿ ಅಂಜನಮ್ಮ ಇದ್ದಳು. ಮಧುಗಿರಿ ಕಡೆಯ, ಮೇಷ್ಟ್ರ ಹುಟ್ಟೂರಿನವನೇ ಆದ ವೆಂಕಟರಮಣಪ್ಪನ ಮಗಳು. ಅವಳನ್ನು ಶ್ಯಾಮಣ್ಣನೆಂಬವನಿಗೆ ಕೊಟ್ಟು ಮದುವೆ ಮಾಡಿಸಿದವರು ಇವರೇ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಆದ ಪರಿಚಯ ಅದು. ತಾನು ಫ್ಯಾಕ್ಟರಿಯಲ್ಲಿ ಪರ್ಮನೆಂಟು, ಹಿಂದೆಮುಂದೆ ಯಾರೂ ಇಲ್ಲ ಎಂದಿದ್ದ. ಮೇಷ್ಟ್ರು ವಿಚಾರಿಸಲು ಹೋಗಲಿಲ್ಲ. "ಹುಡುಗನಿಗೆ ನಾನು ಜವಾಬ್ದಾರಿ" ಎಂದು ಊರಲ್ಲಿ ಹೇಳಿ, ಮದುವೆ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತಿದ್ದರು. ಹೋದ ವರ್ಷ, ಅವನಿಗೆ ಬೊಮ್ಮನಹಳ್ಳಿಯಲ್ಲಿ ಮೊದಲೇ ಹೆಂಡತಿ ಮಕ್ಕಳಿದ್ದಾರೆಂಬ ಸುದ್ದಿ ಕಿವಿಗೆ ಬಿತ್ತು. ಬಾಯಿ ಬಿಡಲಿಲ್ಲ.

ಅಂಜನಮ್ಮ ಹೊಸ್ತಿಲಲ್ಲಿ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಳು. ಅಂಗೈ ಕಪ್ಪಾಗಿತ್ತು.

"ಬನ್ನಿ ಮೇಷ್ಟ್ರೇ. ಇವತ್ತಾದ್ರೂ ದಾರಿ ಸಿಕ್ತಾ?"

"ಜನಗಣತಿ ಕಣಮ್ಮ. ಮನೆ ಯಜಮಾನ…"

"ನಾನೇ. ಆವಯ್ಯ ಬೊಮ್ಮನಳ್ಳಿ ಸಂಸಾರದ ತಾವ ಅವ್ನೆ. ಇಲ್ಲಿಗೆ ಬರೋದು ಬಿಟ್ಟು ಆರು ತಿಂಗ್ಳಾಯ್ತು."

ಮೇಷ್ಟ್ರು ತಲೆ ಎತ್ತಲಿಲ್ಲ. ವಯಸ್ಸು, ಓದು ಕೇಳಿದರು. ಊರು ಬಿಟ್ಟು ಬಂದ ಕಾರಣ ಕೇಳುವಾಗ ದನಿ ಇಳಿದಿತ್ತು.

"ಮದ್ವೆ ಅಂತ ಬರ್ಕಳಿ. ಇನ್ನೇನು ಬರೀತೀರಿ?" ಎಂದಳು. ಇನ್ನೊಂದು ಕಡ್ಡಿ ಕೈಗೆತ್ತಿಕೊಂಡು, "ನಿಮ್ಗೆ ಗೊತ್ತಿತ್ತಾ ಮೇಷ್ಟ್ರೇ?"

ಇಲ್ಲ ಎಂದುಬಿಡಬಹುದಿತ್ತು. "ಮದುವೆ ಹೊತ್ತಲ್ಲಿ ಗೊತ್ತಿರಲಿಲ್ಲ. ಹೋದ ವರ್ಷ ಗೊತ್ತಾಯ್ತು" ಎಂದರು.

ಅವಳ ಕೈ ನಿಂತಿತು. "ಗೊತ್ತಿದ್ದೂ ಒಂದ್ಸಲ ಬಂದು ನೋಡ್ಲಿಲ್ವಾ? ಅಪ್ಪಂಗೆ ನಾನೇನೂ ಏಳಿಲ್ಲ. ಯಾವ ಬಾಯಲ್ಲಿ ಏಳ್ಲಿ?"

"ನಾನು ಹೇಳ್ತೀನಮ್ಮ."

ಭಾನುವಾರ ಬೆಳಗಿನ ಬಸ್ಸಿಗೇ ಮೇಷ್ಟ್ರು ಊರಿಗೆ ಹೋದರು. ವೆಂಕಟರಮಣಪ್ಪನ ಮನೆ ಜಗಲಿಯಲ್ಲಿ ನಾಲ್ಕು ಜನರ ಎದುರಿಗೇ ಎಲ್ಲವನ್ನೂ ಹೇಳಿದರು. ತಮಗೆ ತಿಳಿದು ಒಂದು ವರ್ಷವಾಯಿತೆಂಬುದನ್ನೂ ಮುಚ್ಚಿಡಲಿಲ್ಲ. ಒಳಗೆ ಅಂಜನಮ್ಮನ ತಾಯಿ ಪಿಳ್ಳಮ್ಮ ಗೋಳೋ ಎಂದು ಅತ್ತಳು. ವೆಂಕಟರಮಣಪ್ಪ ಬಯ್ಯುತ್ತಾನೆ, ಹೊಡೆದರೂ ಹೊಡೆದಾನು ಎಂದುಕೊಂಡಿದ್ದರು. ಅವನು ಎದ್ದು ಪಂಚೆ ಕೊಡವಿಕೊಂಡ.

"ಅವ್ನು ಮೋಸಗಾರ, ಮೋಸ ಮಾಡ್ದ. ನೀವು ನಮ್ಮೋರು ಅಂದ್ಕಂಡಿದ್ದೆ ಸ್ವಾಮಿ" ಎಂದಷ್ಟೇ ಹೇಳಿ ಒಳಗೆ ಹೋದ.

ಮಾರನೆಯ ದಿನ ಗಂಡ ಹೆಂಡತಿ ನಾಗಸಂದ್ರಕ್ಕೆ ಬಂದರು. ಮಗಳು ಊರಿಗೆ ಬರಲು ಒಪ್ಪಲಿಲ್ಲ. "ಅಲ್ಲಿ ಬಂದು ಎಲ್ಲರ ಬಾಯಿಗೆ ಬೀಳಕ್ಕಾಗಲ್ಲವ್ವಾ. ಇಲ್ಲಿ ನನ್ ಕೂಳು ನಾನು ದುಡ್ಕತೀನಿ." ಪಿಳ್ಳಮ್ಮ ಅವಳ ಜೊತೆಗೇ ಉಳಿದಳು. ಶ್ಯಾಮಣ್ಣನ ಮೇಲೆ ಕೊಟ್ಟ ದೂರಿಗೆ ಮೇಷ್ಟ್ರೇ ಸಾಕ್ಷಿಯಾದರು. "ವಿಚಾರಿಸದೆ ಒಪ್ಪಿಸಿದವನು ನಾನು" ಎಂದು ಪೊಲೀಸರ ಮುಂದೆ ಹೇಳಿ ಸಹಿ ಹಾಕಿದರು. ಶ್ಯಾಮಣ್ಣ ಅಷ್ಟರಲ್ಲಿ ಊರು ಬಿಟ್ಟಿದ್ದ.

ಮಳೆಗಾಲದ ಹೊತ್ತಿಗೆ ಅಂಜನಮ್ಮನಿಗೆ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಸಂಜೆ ಬಸ್‌ಸ್ಟಾಪಿನಲ್ಲಿ ಕಂಡರೆ "ಚೆನ್ನಾಗಿದೀರಾ ಮೇಷ್ಟ್ರೇ?" ಎಂದು ಅವಳೇ ಕೇಳುತ್ತಿದ್ದಳು. ಅವಳು ಹಾಗೆ ಕೇಳಿದ ದಿನ ಮೇಷ್ಟ್ರಿಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ.