ಗ್ಯಾಲರಿಯಿಂದ ಬಂದ ಮಾತು

ಆಗ ವಿಧಾನಸಭೆ ಸೇರುತ್ತಿದ್ದ ಅಠಾರಾ ಕಚೇರಿಯ ಕೆಂಪು ಕಂಬಗಳ ಕೆಳಗೆ ಮರಿಯಪ್ಪ ಒಂದು ಕಡೆ ನಿಲ್ಲಲಾರದೆ ಹೋದ. ಈ ಕಂಬದಿಂದ ಆ ಕಂಬಕ್ಕೆ ಹೋಗುವನು, ಮೆಟ್ಟಿಲು ಇಳಿಯುವನು, ಮತ್ತೆ ಹತ್ತುವನು. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಒದರಿ ಮತ್ತೆ ಹೆಗಲಿಗೇ ಹಾಕಿಕೊಳ್ಳುವನು. ರಸ್ತೆಯ ಆಚೆ ಹೊಸ ವಿಧಾನಸೌಧ ಮೇಲೇಳುತ್ತಿತ್ತು. ಅಲ್ಲಿ ಕಲ್ಲು ಕಡಿಯುವವರ ಉಳಿಯ ಸದ್ದು ಬಿಡುವಿಲ್ಲದೆ ಕೇಳುತ್ತಿತ್ತು. ಸೊಸೆ ಯಶೋದಮ್ಮ ಕಲ್ಲುಬೆಂಚಿನ ಮೇಲೆ ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು.

"ಕೂತ್ಕೊಳಿ ಮಾವ. ನಿಮ್ಮನ್ನ ನೋಡಿ ನಂಗೇ ತಲೆ ತಿರುಗ್ತದೆ."

"ಕೂತ್ರೆ ಕಾಲು ಜೋಮು ಹಿಡೀತದೆ ಕಣವ್ವ."

"ಬಸ್ಸಲ್ಲಿ ನಿಂತಿದ್ದಾಗ್ಲೂ ಅದೇ ಅಂದ್ರಿ."

ಮಗ ನಾಗರಾಜು ಹೋದ ಮೇಲೆ ಮರಿಯಪ್ಪನ ಕಾಲಿಗೆ ನೆಮ್ಮದಿ ಇರಲಿಲ್ಲ. ರಾಜಾಜಿನಗರದ ಪಡುವಣಕ್ಕಿರುವ ಪಾಳ್ಯದಲ್ಲಿ ಅವನದು ಹಳೆಯ ಮನೆ. ಹೊಲವೆಲ್ಲ ಬಡಾವಣೆಗೆ ಹೋಗಿತ್ತು. ನಾಗರಾಜು ಮಾಗಡಿ ರಸ್ತೆಯ ಒಂದು ಮರದ ಡಿಪೋದಲ್ಲಿ ಮೇಸ್ತ್ರಿಯಾಗಿದ್ದ. ವೈಶಾಖದ ಒಂದು ಮಟಮಟ ಮಧ್ಯಾಹ್ನ ಡಿಪೋಗೆ ಬೆಂಕಿ ಬಿತ್ತು. ಒಳಗೆ ಸಿಕ್ಕಿಕೊಂಡ ಇಬ್ಬರು ಕೂಲಿಗಳನ್ನು ನಾಗರಾಜು ಎಳೆದು ತಂದ. ಇನ್ನೊಬ್ಬ ಇದ್ದಾನೆಂದು ಯಾರೋ ಕೂಗಿದರು. ಮತ್ತೆ ಒಳಗೆ ಹೋದ, ಚಾವಣಿ ಕುಸಿಯಿತು. ಬೆಂಕಿ ಆರಿಸುವ ಲಾರಿಯ ಠಾಣೆ ಎಷ್ಟು ಹತ್ತಿರವೆಂದರೆ ಅದರ ಗಂಟೆ ಬಾರಿಸಿದರೆ ಡಿಪೋಗೆ ಕೇಳುತ್ತಿತ್ತು. ಆದರೂ ಆ ಲಾರಿ ಬರಲಿಲ್ಲ. ಪೇಟೆಯ ಇನ್ನೊಂದು ಮೂಲೆಯಿಂದ ಹೊರಟ ಬೇರೆ ಲಾರಿ ರೈಲ್ವೆ ಗೇಟಿನಲ್ಲಿ ಕಾದು ನಿಂತು, ಎಲ್ಲ ಮುಗಿದ ಮೇಲೆ ಬಂತು.

"ಅಷ್ಟು ಹತ್ರ ಇದ್ದ ಗಾಡಿ ಯಾಕೆ ಬರ್ಲಿಲ್ಲ ಮಾವ?" ಯಶೋದಮ್ಮ ಮುದ್ದೆ ಬಡಿಸುವಾಗ ಕೇಳುತ್ತಿದ್ದಳು. ಅಳುತ್ತ ಕೇಳಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಅವಳು ಅಳುತ್ತಿರಲಿಲ್ಲ. ಮಕ್ಕಳಿಲ್ಲದ ಅವಳನ್ನು ಕೆಂಗೇರಿಯ ತವರಿನವರು ಬಂದು ಕರೆದರು. ಆ ಗಾಡಿ ಯಾಕೆ ಬರಲಿಲ್ಲವೆಂದು ಗೊತ್ತಾಗುವವರೆಗೆ ಬರುವುದಿಲ್ಲ ಎಂದುಬಿಟ್ಟಳು.

ಮರಿಯಪ್ಪ ಠಾಣೆಗೆ ಅಲೆದ. ಮೇಲಿನವರನ್ನು ಕೇಳು ಎಂದರು. ಮೇಲಿನವರು ವರದಿ ಬರಲಿ ಎಂದರು. ಕೊನೆಗೆ ಅವರಿವರ ಮಾತಿನ ಮೇಲೆ ಎದುರು ಪಕ್ಷದ ಶಾಸಕರಾದ ವಕೀಲ ಲಕ್ಷ್ಮೀಪತಿಯವರ ಮನೆಗೆ ಹೋಗಿ ಕೈಮುಗಿದ. ಅವರು ಸಭೆಯಲ್ಲಿ ಪ್ರಶ್ನೆ ಹಾಕಿದರು. ಇಂದು ಅದಕ್ಕೆ ಮಂತ್ರಿಗಳು ಉತ್ತರ ಹೇಳಬೇಕಾಗಿತ್ತು.

ಲಕ್ಷ್ಮೀಪತಿಯವರು ಕರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಿರಬಿರನೆ ಬಂದರು. ಜವಾನನನ್ನು ಕರೆದು, "ಈ ಅಮ್ಮನ್ನ ಹೆಂಗಸರ ಗ್ಯಾಲರಿಗೆ ಕರ್ಕೊಂಡು ಹೋಗು" ಎಂದರು. ಯಶೋದಮ್ಮ ಮೇಲಕ್ಕೆ ಹೋದ ಮೇಲೆ ಮರಿಯಪ್ಪನನ್ನು ಕಂಬದ ಮರೆಗೆ ಕರೆದರು.

"ಉತ್ತರದ ಪ್ರತಿ ಬಂದಿದೆ ಯಜಮಾನ್ರೇ. ಎರಡೇ ಸಾಲು. ಆ ಠಾಣೆ ಗಾಡಿ ರಿಪೇರಿಗೆ ಹೋಗಿತ್ತು, ಬೇರೆ ಗಾಡಿ ಕಳಿಸಿದ್ವಿ, ಇಷ್ಟೇ."

"ರಿಪೇರಿನಾ? ಏನಾಗಿತ್ತಂತೆ ಸ್ವಾಮಿ?"

ಲಕ್ಷ್ಮೀಪತಿಯವರು ಸುತ್ತ ಒಮ್ಮೆ ನೋಡಿದರು. "ಅದನ್ನ ಕೇಳೋ ಹಕ್ಕು ನನಗಿದೆ. ಮಂತ್ರಿಗಳು ಉತ್ತರ ಹೇಳಿದ ಮೇಲೆ ಎದ್ದು ಮತ್ತೆ ಕೇಳ್ಬೋದು. ಉಪಪ್ರಶ್ನೆ ಅಂತಾರೆ. ಅದಕ್ಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ತೀನಿ. ತೆಪ್ಪೋತ್ಸವಕ್ಕೆ ಅಂತ ನಿಮ್ಮ ಪಾಳ್ಯದ ರಂಗನಾಥನ ದೇವಸ್ಥಾನದ ಕಲ್ಯಾಣಿ ತುಂಬಿಸಿದ್ರಲ್ಲ, ನೀರು ಎಲ್ಲಿಂದ ಬಂತು?"

"ಕೆರೆಯಿಂದ ಸ್ವಾಮಿ. ಎರಡು ವರ್ಷ ಕಲ್ಯಾಣಿ ಒಣಗಿ ಸ್ವಾಮಿಗೆ ತೆಪ್ಪವೇ ಇರ್ಲಿಲ್ಲ. ನಾನೇ ಠಾಣೆ ಸಾಹೇಬ್ರ ಹತ್ರ ಹೋಗಿ ಹಣ್ಣುಕಾಯಿ ಕೊಟ್ಟು ಬೇಡ್ಕೊಂಡೆ. ಆ ಪುಣ್ಯಾತ್ಮರು ದೇವರ ಕಾರ್ಯ ಅಂತ ಬೆಂಕಿ ಲಾರೀನೇ..."

ಮಾತು ಅಲ್ಲಿಗೇ ನಿಂತಿತು.

"ಕೆರೆ ತಳದ ಹೂಳು ಪಂಪಿನೊಳಗೆ ಕೂತುಬಿಟ್ಟಿತ್ತಂತೆ," ಎಂದರು ಲಕ್ಷ್ಮೀಪತಿಯವರು, ದನಿ ತಗ್ಗಿಸಿ. "ಮಾರನೇ ದಿನ ಡಿಪೋಗೆ ಬೆಂಕಿ ಬಿದ್ದಾಗ ಗಾಡೀನ ಬಿಚ್ಚಿ ಹಾಕಿದ್ರು. ಆ ಠಾಣೆಯೋನೊಬ್ಬ ನಿನ್ನೆ ನಮ್ಮನೆಗೆ ಬಂದು ಹೇಳಿ ಹೋದ."

ಮರಿಯಪ್ಪ ಕಂಬಕ್ಕೆ ಕೈ ಕೊಟ್ಟ. ಕೆರೆಯ ದಡ ಕಣ್ಣೆದುರಿಗೆ ಬಂತು. ಡ್ರೈವರ್ ಕರಿಬಸಪ್ಪ ನೀರಿಗೆ ಕೈಹಾಕಿ ಹಿಡಿ ಕೆಸರು ತೆಗೆದು ತೋರಿಸಿದ್ದ. "ಬ್ಯಾಡ ಯಜಮಾನ್ರೇ, ಬರೀ ಹೂಳು ಎಳೀತದೆ, ಪಂಪು ಕೆಡ್ತದೆ" ಎಂದಿದ್ದ. ಸುತ್ತ ಇದ್ದವರು ನಕ್ಕಿದ್ದರು. "ಏನ್ ಡ್ರೈವರಣ್ಣ, ದೇವ್ರಿಗೆ ನೀರು ಕೊಡಕ್ಕೂ ಕೈ ನಡುಗ್ತದಾ?" ಎಂದು ಒಬ್ಬ ಹಂಗಿಸಿದ್ದ. ಆಗ ತಾನು ಹೇಳಿದ ಮಾತು ಮರಿಯಪ್ಪನಿಗೆ ಅಕ್ಷರ ತಪ್ಪದೆ ನೆನಪಾಯಿತು. "ರಂಗನಾಥನ ಕೆಲ್ಸ ಕಣಪ್ಪ, ಏನೂ ಆಗಲ್ಲ. ಹಾಕು ಪೈಪು." ಕಲ್ಯಾಣಿಗೆ ಬಿದ್ದ ಮೊದಲ ನೀರನ್ನು ಬೊಗಸೆಯಲ್ಲಿ ಹಿಡಿದು ತಲೆಯ ಮೇಲೆ ಹಾಕಿಕೊಂಡವನೂ ತಾನೇ.

ಊರಲ್ಲಿ ಸಾವಾದ್ದರಿಂದ ತೆಪ್ಪೋತ್ಸವ ನಿಂತುಹೋಯಿತು. ಆ ನೀರು ಕಲ್ಯಾಣಿಯಲ್ಲಿ ಹಾಗೇ ಉಳಿದು ಪಾಚಿಗಟ್ಟಿತ್ತು. ಮಗ ಹೋದ ಮೇಲೆ ದಿನಾ ಸಂಜೆ ಆ ಮೆಟ್ಟಿಲ ಮೇಲೆ ಕೂತರೆ ಮಾತ್ರ ಮನಸ್ಸು ಒಂದಿಷ್ಟು ತಣ್ಣಗಾಗುತ್ತಿತ್ತು.

"ನಾನು ಕೇಳದೆ ಕೂತ್ರೆ ರಿಪೇರಿ ಅನ್ನೋ ಮಾತಿನಲ್ಲೇ ಮುಗಿಯತ್ತೆ," ಎಂದರು ಲಕ್ಷ್ಮೀಪತಿಯವರು. "ಮಂತ್ರಿಗಳಿಗೂ ಅದೇ ಬೇಕು. ಕೇಳಿದ್ರೆ ದೇವಸ್ಥಾನ, ನಿಮ್ಮ ಹೆಸರು, ಎಲ್ಲ ಬರತ್ತೆ. ನಾಳೆ ಪತ್ರಿಕೇಲೂ ಬರತ್ತೆ. ನಿಮ್ಮ ಸೊಸೆ ಮೇಲೆ ಕೂತಿದಾರೆ."

"ಅವಳಿಗೆ ನಾನೇ ಒಂದು ಮಾತು ಹೇಳಿ ಬರ್ತೀನಿ ಸ್ವಾಮಿ. ಒಂದು ಗಳಿಗೆ."

ಸಭೆ ಸೇರುವ ಗಂಟೆ ಹೊಡೆಯಿತು.

"ಈಗೆಲ್ಲಿ ಬಿಡ್ತಾರೆ? ಹಿಂಗೆ ಮಾಡಿ. ನನ್ನ ಪ್ರಶ್ನೆ ಬಂದಾಗ ಮೇಲೆ ನೋಡ್ತೀನಿ. ಬೇಡ ಅನ್ನೋದಾದ್ರೆ ಎದ್ದು ಹೊರಗೆ ಹೋಗಿಬಿಡಿ. ನೀವು ಕಾಣದಿದ್ರೆ ನಾನು ಬಾಯಿ ಬಿಡಲ್ಲ."

ಮರಿಯಪ್ಪ ಹೆಂಗಸರ ಗ್ಯಾಲರಿಯ ಬಾಗಿಲಿಗೇ ಓಡಿದ. ಜವಾನ ಅಡ್ಡ ನಿಂತ.

"ಎಲ್ಲಿಗೆ ಯಜಮಾನ್ರೇ? ಇದು ಹೆಂಗಸರ ಕಡೆ."

"ನನ್ ಸೊಸೆ ಅವ್ಳೆ ಕಣಪ್ಪ. ಒಂದೇ ಮಾತು."

"ಮನೇಲಿ ಮಾತಾಡಕ್ಕೆ ಪುರುಸೊತ್ತು ಸಿಗಲಿಲ್ವಾ? ನಡೀರಿ ಆ ಕಡೆ."

ಗಂಡಸರ ಗ್ಯಾಲರಿಯಲ್ಲಿ ತುದಿಯ ಕುರ್ಚಿಯಲ್ಲಿ ಕೂತ. ಎದುರುಗಡೆ ಯಶೋದಮ್ಮ ಕಟಕಟೆಯ ಮೇಲೆ ಕೈಯಿಟ್ಟು ಕೆಳಗೆ ನೋಡುತ್ತಿದ್ದಳು. ಅವಳ ಕಣ್ಣು ಈ ಕಡೆ ತಿರುಗಲಿ ಎಂದು ಮರಿಯಪ್ಪ ಕೈ ಎತ್ತಿದ. ಕಾವಲಿದ್ದ ಮಾರ್ಷಲ್ ಹುಬ್ಬು ಗಂಟಿಕ್ಕಿದ. ಕೈ ಕೆಳಗಿಳಿಯಿತು.

ಕೆಳಗೆ ಯಾವುದೋ ಊರಿನ ಕಳವುಗಳ ಮೇಲೆ ಪ್ರಶ್ನೆ ನಡೆಯುತ್ತಿತ್ತು. ಆಮೇಲೆ ಯಾವುದೋ ಜೈಲಿನ ಊಟದ ಮೇಲೆ. ಮರಿಯಪ್ಪನ ಕಿವಿಗೆ ಒಂದೂ ಇಳಿಯಲಿಲ್ಲ. ಎದ್ದು ಹೋದರೆ ಯಾರಿಗೂ ತಿಳಿಯುವುದಿಲ್ಲ. ಸೊಸೆ ಮನೆಯಲ್ಲಿರುತ್ತಾಳೆ, ದೇವಸ್ಥಾನದ ಹೆಸರು ಬೀದಿಗೆ ಬರುವುದಿಲ್ಲ. ಸಾವಕಾಶವಾಗಿ ಒಂದು ದಿನ ತಾನೇ ಹೇಳಿದರಾಯಿತು. ಹೇಳುತ್ತೇನೆಯೇ? ಮುದ್ದೆ ಬಡಿಸುತ್ತ ಅವಳು ಮತ್ತೆ ಅದನ್ನೇ ಕೇಳುವಾಗ, ತಿಳಿದೂ ತಿಳಿಯದವನ ಹಾಗೆ ತಟ್ಟೆ ನೋಡುತ್ತ ಕೂರಬೇಕು. 'ರಂಗನಾಥ, ನೀನೇ ಎಬ್ಬಿಸು, ಇಲ್ಲವೇ ನೀನೇ ಕೂರಿಸು' ಎಂದು ಒಳಗೇ ಮೊರೆಯಿಟ್ಟ. ಕಾಲುಗಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು.

"ಕಾಲು ಆಡಿಸ್ಬೇಡಿ ಸ್ವಾಮಿ," ಎಂದ ಪಕ್ಕದವನು. "ಕುರ್ಚಿ ಸಾಲೆಲ್ಲ ಅಲ್ಲಾಡ್ತಿದೆ. ನಾನು ಒಂದಿಷ್ಟು ತೂಕಡಿಸೋಣ ಅಂತ್ಲೇ ಬಂದಿರೋದು."

ಅಷ್ಟರಲ್ಲಿ ಲಕ್ಷ್ಮೀಪತಿಯವರು ಎದ್ದು ತಮ್ಮ ಪ್ರಶ್ನೆಯ ಸಂಖ್ಯೆ ಹೇಳಿದರು. ಮಂತ್ರಿಗಳು ಎರಡು ಸಾಲು ಓದಿ ಕೂತರು. ವಾಹನ ದುರಸ್ತಿಯಲ್ಲಿತ್ತು. ಬೇರೆ ವಾಹನ ಕಳುಹಿಸಲಾಯಿತು.

ಲಕ್ಷ್ಮೀಪತಿಯವರು ತಲೆ ಎತ್ತಿ ಮೇಲೆ ನೋಡಿದರು.

ಮರಿಯಪ್ಪ ಎರಡು ಕೈಯಲ್ಲೂ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದ.

"ಉಪಪ್ರಶ್ನೆ ಸ್ವಾಮಿ. ವಾಹನ ಕೆಟ್ಟದ್ದು ಹೇಗೆ?"

ಮಂತ್ರಿಗಳು ಹಿಂದೆ ಕೂತ ಅಧಿಕಾರಿಯ ಕಡೆ ತಿರುಗಿದರು. ಒಂದು ಚೀಟಿ ಬಂತು. ಅದನ್ನು ಓದಿ ಮೆಲ್ಲಗೆ ಎದ್ದರು. "ಹಿಂದಿನ ದಿನ ಒಂದು ದೇವಸ್ಥಾನದ ಕಲ್ಯಾಣಿಗೆ ಕೆರೆಯ ನೀರು ತುಂಬಿಸಲಾಯಿತು. ಅಲ್ಲಿನ ಭಕ್ತರ ಮುಖಂಡರಾದ ಮರಿಯಪ್ಪ ಎಂಬುವರು ಬಹಳವಾಗಿ ಬೇಡಿಕೊಂಡಿದ್ದರು."

ಎದುರು ಗ್ಯಾಲರಿಯಲ್ಲಿ ಯಶೋದಮ್ಮನ ತಲೆ ಮೇಲೆದ್ದಿತು. ಅವಳು ನೇರವಾಗಿ ಮಾವನನ್ನೇ ನೋಡಿದಳು. ಮರಿಯಪ್ಪನೂ ಕಣ್ಣು ತಪ್ಪಿಸಲಿಲ್ಲ.

"ಬೆಂಕಿ ಆರಿಸುವ ವಾಹನವನ್ನು ಬೇರೆ ಕೆಲಸಕ್ಕೆ ಕಳುಹಿಸಲು ಅಪ್ಪಣೆ ಕೊಟ್ಟವರು ಯಾರು?" ಎಂದು ಲಕ್ಷ್ಮೀಪತಿಯವರು ಮತ್ತೆ ಕೇಳಿದರು.

"ಅದಕ್ಕೆ ಮಾನ್ಯ ಸದಸ್ಯರು ಪ್ರತ್ಯೇಕ ನೋಟಿಸು ಕೊಡಬೇಕು."

"ಮಾನ್ಯ ಸದಸ್ಯರು ಇನ್ನು ದೇವರ ಮೇಲೂ ಸಸ್ಪೆನ್ಷನ್ ಆರ್ಡರ್ ಕೇಳುತ್ತಾರೆ!" ಎಂದು ಆಡಳಿತ ಪಕ್ಷದ ಸಾಲಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ಲಕ್ಷ್ಮೀಪತಿಯವರು ನಗಲಿಲ್ಲ.

"ಕೇಳುವವರು ಕೇಳುತ್ತಾರೆ ಸ್ವಾಮಿ. ಆಗದು ಎನ್ನಬೇಕಾದವರು ಸರ್ಕಾರದವರು. ಅವರ ಮೇಲೆ ಏನು ಕ್ರಮವಾಗಿದೆ?"

"ವಿಚಾರಣೆ ನಡೆಯುತ್ತಿದೆ," ಎಂದರು ಮಂತ್ರಿಗಳು. "ಹೂಳಿನ ನೀರು ಎಳೆದು ಪಂಪು ಕೆಡಿಸಿದ್ದು ಚಾಲಕನ ಅಜಾಗರೂಕತೆ. ಕರಿಬಸಪ್ಪ ಎಂಬ ಆ ಚಾಲಕನನ್ನು ಆಗಲೇ ಸಸ್ಪೆಂಡ್ ಮಾಡಲಾಗಿದೆ."

ಮರಿಯಪ್ಪ ಯಾವಾಗ ಎದ್ದನೋ ಅವನಿಗೇ ಗೊತ್ತಾಗಲಿಲ್ಲ.

"ಅವನು ಬ್ಯಾಡ ಅಂದ ಸ್ವಾಮಿ!" ಕೂಗು ಆ ಎತ್ತರದ ಚಾವಣಿಗೆ ಬಡಿಯಿತು. "ಕೈಯಾಗೆ ಕೆಸರು ತೋರ್ಸಿ ಬ್ಯಾಡ ಅಂದ! ನಾನೇ ಹಾಕ್ಸಿದ್ದು! ಮರಿಯಪ್ಪ ನಾನೇ!"

ಸಭಾಧ್ಯಕ್ಷರು ಮೇಜು ಕುಟ್ಟಿದರು. ಮಾರ್ಷಲ್ ಬಂದು ರಟ್ಟೆ ಹಿಡಿದ. "ಗ್ಯಾಲರಿಯಿಂದ ಬಂದ ಮಾತು ದಾಖಲೆಗೆ ಹೋಗಕೂಡದು" ಎಂದು ಸಭಾಧ್ಯಕ್ಷರು ಹೇಳಿದ್ದು, ಮೆಟ್ಟಿಲಿಳಿಯುತ್ತಿದ್ದ ಮರಿಯಪ್ಪನ ಬೆನ್ನ ಹಿಂದೆ ಕೇಳಿಸಿತು.

"ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ತಾತ?" ಎಂದು ಮಾರ್ಷಲ್ ಅವನನ್ನು ಹೊರಗೆ ಬಿಟ್ಟು ಹೋದ. ದನಿಯಲ್ಲಿ ಅಂಥ ಸಿಟ್ಟೇನೂ ಇರಲಿಲ್ಲ.

ಯಶೋದಮ್ಮ ಸೆರಗನ್ನು ಬಿಗಿಯಾಗಿ ಹೊದ್ದು ಇಳಿದು ಬಂದಳು. ಮೂರು ಮಾರು ದೂರದಲ್ಲೇ ನಿಂತಳು.

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಈಗ್ಲೇ ಕಣವ್ವ. ನೀನು ಮೇಲಕ್ಕೆ ಹೋದ್ಮೇಲೆ."

"ಇದನ್ನ ಕೇಳ್ದೇ ಇರೋ ಹಂಗೆ ಮಾಡ್ಬೋದಿತ್ತಾ?"

"ಮಾಡ್ಬೋದಿತ್ತು. ನಾನು ಎದ್ದು ಹೊರಕ್ಕೆ ಬಂದಿದ್ರೆ ಸಾಕಿತ್ತು."

"ಆ ಡ್ರೈವರ್ರು ಬ್ಯಾಡ ಅಂದಿದ್ದು ನಿಜವಾ?"

"ನಿಜ."

"ನೀವು ಕೇಳ್ಲಿಲ್ಲ."

"ಕೇಳ್ಲಿಲ್ಲ ಕಣವ್ವ."

ಅವಳು ಬಯ್ಯಲಿ, ಎದೆ ಬಡಿದುಕೊಂಡು ಅಳಲಿ ಎಂದು ಮರಿಯಪ್ಪ ಕಾದ. ಎರಡೂ ಆಗಲಿಲ್ಲ.

ಲಕ್ಷ್ಮೀಪತಿಯವರು ಕಾಗದಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು. "ಸಭಾಧ್ಯಕ್ಷರ ಕೈಲಿ ನನಗೂ ಬೈಸಿಬಿಟ್ರಲ್ಲ ಯಜಮಾನ್ರೇ! ಇರ್ಲಿ. ಅಪ್ಪಣೆ ಕೊಟ್ಟೋರು ಯಾರು ಅಂತ ಮತ್ತೆ ನೋಟಿಸು ಕೊಡ್ತೀನಿ. ಮುಂದಿನ ಅಧಿವೇಶನಕ್ಕೆ ಬರಬೋದು."

"ಅಲ್ಲೀಗಂಟ ಆ ಡ್ರೈವರ್ರ ಮನೇಲಿ ಏನ್ ತಿನ್ಬೇಕು ಸ್ವಾಮಿ?" ಎಂದಳು ಯಶೋದಮ್ಮ. "ಇವ್ರು ಕೂಗಿದ್ದನ್ನ ಬರ್ಕೊಳಲ್ವಂತಲ್ಲ. ಮಂತ್ರಿ ಹೇಳಿದ್ದು ಮಾತ್ರ ಉಳೀತದಂತೆ. ಪಕ್ಕದಲ್ಲಿದ್ದ ಅಮ್ಮ ಹೇಳಿದ್ರು."

"ಹೌದಮ್ಮ, ಅದು ಸಭೆಯ ನಿಯಮ. ಇಲಾಖೆ ವಿಚಾರಣೆ ಬೇರೆ. ಅಲ್ಲಿ ಹೋಗಿ ಸಾಕ್ಷಿ ಹೇಳಿದ್ರೆ ಬರ್ಕೊಳ್ಳೇಬೇಕು." ಅವರು ಮರಿಯಪ್ಪನ ಕಡೆ ತಿರುಗಿದರು. "ಆದ್ರೆ ಯೋಚ್ನೆ ಮಾಡಿ. ತಪ್ಪು ನಂದೇ ಅಂತ ರುಜು ಹಾಕಿ ಕೊಟ್ಟ ಹಾಗಾಗತ್ತೆ. ಅಪ್ಪಣೆ ಕೊಟ್ಟ ಸಾಹೇಬ್ರು ಅದನ್ನೇ ಹಿಡ್ಕೊಂಡು ತಾವು ಜಾರ್ಕೊಳ್ತಾರೆ."

ಮರಿಯಪ್ಪ ಸೊಸೆಯ ಮುಖ ನೋಡಿದ.

"ನಾನು ಕೆಂಗೇರಿಗೆ ಹೋಗ್ತೀನಿ ಮಾವ," ಎಂದಳು ಅವಳು.

"ಎಷ್ಟು ದಿನಕ್ಕವ್ವ?"

"ಗೊತ್ತಿಲ್ಲ. ನಿಮ್ಗೆ ಬಡ್ಸಕ್ಕೆ ಈಗ ನನ್ ಕೈ ಬರಲ್ಲ. ಆ ಸಾಕ್ಷಿ ಹೇಳಿ, ಬಂದು ನಮ್ಮಪ್ಪನ ಮನೆ ಬಾಗಿಲಲ್ಲಿ ನಿಂತು, ಹೇಳ್ದೆ ಅನ್ನಿ. ಬರ್ತೀನೋ ಇಲ್ವೋ ಅವತ್ತು ನೋಡಣ."

"ಬಸ್ಸಿನ ತಂಕ ಬರ್ಲಾ?"

"ಬ್ಯಾಡಿ."

ಅವಳು ಹಿಂದಿರುಗಿ ನೋಡದೆ, ಕಲ್ಲು ತುಂಬಿದ ಎತ್ತಿನ ಗಾಡಿಗಳ ಪಕ್ಕದಲ್ಲಿ ರಸ್ತೆ ಹಿಡಿದು ಹೋದಳು. ಗಾಡಿಗಳ ಧೂಳಿನಲ್ಲಿ ಮರೆಯಾಗುವವರೆಗೂ ಮರಿಯಪ್ಪ ನೋಡಿದ. ಆಮೇಲೆ ವಲ್ಲಿಯಿಂದ ಮುಖ ಒರೆಸಿಕೊಂಡ.

"ಆ ವಿಚಾರಣೆ ಆಫೀಸು ಯಾವ ಕಡೆ ಸ್ವಾಮಿ?"

"ಇವತ್ತು ಬೇಡ ಯಜಮಾನ್ರೇ. ಬನ್ನಿ, ಏನಾದ್ರೂ ಊಟ ಮಾಡಿ. ನಾಳೆ ನಾನೇ ಒಂದು ಅರ್ಜಿ ಬರೆದು..."

"ಯಾವ ಕಡೆ ಅಂತ ಹೇಳಿ ಸಾಕು."

ಲಕ್ಷ್ಮೀಪತಿಯವರು ಕೈ ತೋರಿಸಿ ದಾರಿ ಹೇಳತೊಡಗಿದರು. ಅವರು ಎರಡನೆಯ ತಿರುವಿಗೆ ಬರುವಷ್ಟರಲ್ಲಿ ಮರಿಯಪ್ಪ ಮೆಟ್ಟಿಲಿಳಿದು ನಡೆಯತೊಡಗಿದ್ದ.