ಭಾವ ತಂದ ಸೀಡಿ

ಹಿರೇಹಳ್ಳಿಯ ಆ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸು ಎರಡಿದ್ದವು. ಪಕ್ಕದಲ್ಲೊಂದೊಂದು ಕಂಪ್ಯೂಟರು. ಒಳಗೆ ಕೈ ಹೋದರೆ ಪ್ರೆಸ್ಸು ಇಳಿಯದಂತೆ ತಡೆಯುವ ಸೆನ್ಸರಿನ ಸೆಟ್ಟಿಂಗೂ ಅದರಲ್ಲೇ ಇತ್ತು. ಹಾಗಾಗಿ ಹಲವು ಫೈಲುಗಳನ್ನು ಒಂದೇ ಗಂಟು ಕಟ್ಟಿ ಹೊರಗಿನಿಂದ ಕಳಿಸಿದ ಜಿಪ್ ಫೈಲನ್ನು ಮೆಷಿನ್ ನೋಡಿಕೊಳ್ಳುವ ರವೀಶ ಮೊದಲು ಆಫೀಸಿನ ಕಂಪ್ಯೂಟರಿನಲ್ಲಿ ಬಿಚ್ಚುತ್ತಿದ್ದ. ಒಳಗಿನ ಫೈಲುಗಳು ಎಲ್ಲೆಲ್ಲಿ ಹೋಗಿ ಕೂರುತ್ತವೆಂದು ನೋಡಿಯೇ ಪ್ರೆಸ್ಸಿಗೆ ಹಾಕುತ್ತಿದ್ದ.

೨೦೦೩ರ ಆ ಬೆಳಿಗ್ಗೆ ಡಿಸೈನುಗಳ ಜಿಪ್ ಫೈಲಿದ್ದ ಸೀಡಿ ತಂದವನು ರವೀಶನ ಅಕ್ಕನ ಗಂಡ ಸಿದ್ದಗಂಗಯ್ಯ. ಬೆಂಗಳೂರಿನ ವರ್ಕ್‌ಶಾಪೊಂದರಲ್ಲಿ ಅವನ ಕೆಲಸ. ಸ್ಟೂಲು ಎಳೆದುಕೊಂಡು ರವೀಶನ ಪಕ್ಕದಲ್ಲೇ ಕೂತ. ನೆಂಟರು ಕೊಟ್ಟ ತಾಂಬೂಲದ ಚೀಲವನ್ನು ಅವರೆದುರಿಗೇ ಬಿಚ್ಚಿ ನೋಡುವವರಲ್ಲ ರವೀಶನಂಥ ಚೇಳೂರು ಕಡೆಯವರು. ರವೀಶ ಸೀಡಿ ಹಿಡಿದು ಆಫೀಸಿನ ಕಡೆ ಎದ್ದಾಗ ಭಾವ ನಕ್ಕ.

“ಏನಯ್ಯಾ ಬಾಮೈದ, ನಾನ್ ತಂದಿದ್ದನ್ನೂ ಜರಡಿ ಹಿಡೀತೀಯಾ?”

“ಛೆ, ಎಲ್ಲಾದ್ರೂ ಉಂಟಾ ಭಾವ.”

ರವೀಶ ಆಫೀಸಿಗೆ ಹೋಗದೆ ಎರಡೂ ಪ್ರೆಸ್ಸಿನ ಕಂಪ್ಯೂಟರಿಗೆ ನೇರವಾಗಿ ಬಿಚ್ಚಿದ. ಹಳೇ ಫೈಲಿನ ಮೇಲೆ ಹೊಸದನ್ನು ಹಾಕಲಾ ಎಂದು ಪರದೆ ಕೇಳಿತು. ಭಾವನ ಜೊತೆ ಮಾತಾಡುತ್ತಲೇ ಎಲ್ಲಕ್ಕೂ ಹೂಂ ಒತ್ತಿದ.

ಮಧ್ಯಾಹ್ನ ಪ್ರೆಸ್ಸು ನಡೆಸುತ್ತಿದ್ದ ತಿಮ್ಮೇಶನ ಬಲಗೈ ಮೊದಲನೇ ಪ್ರೆಸ್ಸಿನಡಿ ಸಿಕ್ಕಿತು. ಮೂಳೆ ಒಡೆದ ಸದ್ದು ಮೆಷಿನ್ನಿನ ಸದ್ದನ್ನೂ ಮೀರಿತು. ಮಣಿಕಟ್ಟಿನಿಂದಾಚೆ ಕೈ ಅಂತ ಹೇಳುವಂಥದ್ದೇನೂ ಉಳಿಯಲಿಲ್ಲ. ಅವನನ್ನು ಟೆಂಪೋದಲ್ಲಿ ತುಮಕೂರಿಗೆ ಸಾಗಿಸಿದ ಮೇಲೆ ರವೀಶ ಕಂಪ್ಯೂಟರು ನೋಡಿದ. ಬೇಗ ಕೆಲಸವಾಗಲೆಂದು ಭಾವನ ವರ್ಕ್‌ಶಾಪಿನವರು ತಮ್ಮ ಪ್ರೆಸ್ಸಿನ ಸೆನ್ಸರನ್ನೇ ಆಫ್ ಮಾಡಿದ್ದರು. ಆ ಸೆಟ್ಟಿಂಗಿನ ಫೈಲೂ ಜಿಪ್ಪಿನಲ್ಲಿ ಬಂದು, ಡಿಸೈನಿನ ಫೋಲ್ಡರು ದಾಟಿ, ಪ್ರೆಸ್ಸಿನ ಸೆಟ್ಟಿಂಗಿನ ಮೇಲೇ ಕೂತಿತ್ತು.

ಎರಡನೇ ಪ್ರೆಸ್ಸಿಗೂ ಅದೇ ಹಾಕಿದ್ದ. ಸೆಕೆಂಡ್ ಶಿಫ್ಟಿನ ವನಜಾಕ್ಷಿ ಆಗಲೇ ಅದರ ಮುಂದೆ ನಿಂತಿರಬೇಕು.

ಓಡಲು ತಿರುಗುವಷ್ಟರಲ್ಲಿ ಪ್ಯಾಕಿಂಗಿನ ಚೌಡಪ್ಪ, ತಿಮ್ಮೇಶನ ಅಣ್ಣ, ಕಾಲರ್ ಹಿಡಿದು ಗೋಡೆಗೆ ಬಡಿದ. “ಬೋಳಿಮಗ್ನೆ, ನೀನಲ್ವೇನೋ ಮೆಷಿನ್ ನೋಡ್ಕೊಳೋನು!” ಸ್ಪ್ಯಾನರು ದವಡೆಗೆ ಬಿತ್ತು. ಹಲ್ಲು ನಾಲಿಗೆ ಮೇಲೆ ಉರುಳಿತು.

“ಎರಡ್ನೇದು... ಬುಡು ಅಣ್ಣ... ವನಜಾಕ್ಷಿ...”

“ಬಾಯ್ ಮುಚ್ಚಲೇ!” ಹೊಟ್ಟೆಗೆ ಒದ್ದ.

ರವೀಶ ಅವನ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿ, ಬಿಡಿಸಿಕೊಂಡು ಓಡಿ, ಮೇನ್ ಸ್ವಿಚ್ ಎಳೆದ. ತಗಡು ಸರಿಸುತ್ತಿದ್ದ ವನಜಾಕ್ಷಿ ಬೆಚ್ಚಿ ಕೈ ಹಿಂತೆಗೆದಳು. “ಯಾಕಣ್ಣ ಆಫ್ ಮಾಡ್ದೆ? ಅಯ್ಯೋ, ಮುಖ!”

ಹಿಂದಿನಿಂದ ಬಿದ್ದ ಚೌಡಪ್ಪನ ಏಟಿಗೆ ರವೀಶನ ಭುಜ ಕಳಚಿತು. ಆದರೂ ಅವನು ಸ್ವಿಚ್ಚು ಬಿಡಲಿಲ್ಲ.

“ಹೊಡಿಯಣ್ಣ, ಇದನ್ನ ಮಾತ್ರ ಹಾಕ್ಬ್ಯಾಡ. ಸೆನ್ಸರ್ ಸತ್ತದೆ. ನೋಡ್ದೆ ಬಿಚ್ಚಿದ್ ಫೈಲಿಂದ. ಬಿಚ್ಚಿದೋನು ನಾನೇ.”

ಚೌಡಪ್ಪ ರವೀಶನನ್ನು ಪಕ್ಕಕ್ಕೆ ತಳ್ಳಿ, ಪೆಟ್ಟಿಗೆಯ ಹಲಗೆಯೊಂದನ್ನು ಪ್ರೆಸ್ಸಿನಡಿ ಚಾಚಿ ವನಜಾಕ್ಷಿಯಿಂದ ಸ್ವಿಚ್ ಹಾಕಿಸಿದ. ತಡೆಯಲಿಲ್ಲ ಮೆಷಿನ್ನು. ಹಲಗೆ ಸಿಬಿರು ಸಿಬಿರಾಗಿ ಹಾರಿತು.

ವನಜಾಕ್ಷಿ ಫ್ಯೂಸು ಕಿತ್ತು ಸೆರಗಿಗೆ ಕಟ್ಟಿಕೊಂಡಳು.

“ನೀನ್ ಹೊರಗ್ ಹೋಗವ್ವ,” ಎಂದ ಚೌಡಪ್ಪ, ಮೆಲ್ಲಗೆ. ಅವಳು ಹೋದ ಮೇಲೆ ಸ್ಪ್ಯಾನರು ಮತ್ತೆ ಎತ್ತಿದ. ರವೀಶ ಕೈ ಅಡ್ಡ ಹಿಡಿಯಲಿಲ್ಲ.